ತಾನಾಗಿ ನಿಲ್ಲುವವರೆಗೆ

ಕೈ ಚಾಚಿದ್ದರೆ ಸಾಕಿತ್ತು. ಒಂದು ಹೆಜ್ಜೆ ಮುಂದಿಟ್ಟು ಹಿಡಿದುಕೊಂಡಿದ್ದರೆ ಅದು ಅಲ್ಲಿಗೇ ನಿಂತುಹೋಗುತ್ತಿತ್ತು. ಆದರೆ ಮಹಾದೇವಯ್ಯನ ಕೈ ಮೇಲೇಳಲಿಲ್ಲ. ಗುಬ್ಬಿಯ ಜೂನಿಯರ್ ಕಾಲೇಜಿನ ಹೆಂಚಿನ ಮಾಡಿನ ಆ ಕೋಣೆಯಲ್ಲಿ, ತೊಲೆಯಿಂದ ಇಳಿಬಿಟ್ಟ ಹುರಿಯ ತುದಿಗೆ, ಅವನ ಸ್ವಂತ ಇಷ್ಟಲಿಂಗ ಬೆಳ್ಳಿಯ ಕರಡಿಗೆಯ ಸಮೇತ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತೂಗಾಡುತ್ತಿತ್ತು. ಹುಟ್ಟಿದ ಹೊಸದರಲ್ಲೇ ಅಯ್ಯನೋರು ಬಂದು ಕಟ್ಟಿದ್ದು. ಸತ್ತ ದಿನ ಎಡಗೈಯಲ್ಲಿಟ್ಟು ಜೊತೆಗೇ ಹೂಳಬೇಕಾದದ್ದು. ನಡುವೆ ಒಂದು ಗಳಿಗೆಯೂ ಮೈಬಿಟ್ಟು ಇರಬಾರದ್ದು. ಅದನ್ನು ತಾನೇ ಕೊರಳಿಂದ ತೆಗೆದು, ತಾನೇ ಹುರಿಯ ಕುಣಿಕೆಗೆ ಸಿಕ್ಕಿಸಿ, ತಾನೇ ಪಕ್ಕಕ್ಕೆಳೆದು ಬಿಟ್ಟಿದ್ದ. ಯಾವಾಗ? ಈಗತಾನೆ. ಇದೇ ಕೈಯಿಂದ. ಸೀಮೆಸುಣ್ಣ ಮೆತ್ತಿದ ತನ್ನ ಬೆರಳುಗಳನ್ನು ನೋಡಿಕೊಂಡ. ಪಕ್ಕದ ಮನೆಯವರ ಬೆರಳುಗಳನ್ನು ನೋಡಿದ ಹಾಗಾಯಿತು. ಎದುರಿಗೆ ಬೆಂಚುಗಳ ತುಂಬ ಹುಡುಗರು, ಕಿಟಕಿಯ ಪಕ್ಕದಲ್ಲಿ ನಾಲ್ಕಾರು ಹುಡುಗಿಯರು.

ಎಲ್ಲ ಸರಿಯಾಗೇ ನಡೆದಿತ್ತಲ್ಲ. ಸರಿಯಾಗಿ ಎಂದರೆ, ಈ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನವೂ ಇಷ್ಟು ಚೆನ್ನಾಗಿ ಪಾಠ ನಡೆದಿರಲಿಲ್ಲ. ಕ್ಯಾಲ್ಕುಲಸ್ಸನ್ನು ಬೋರ್ಡಿನ ಮೇಲೆ ಹೇಳಿಕೊಟ್ಟರೆ ಹುಡುಗರು ಉರು ಹೊಡೆಯುತ್ತಾರೆ, ಮೈಗೆ ಹತ್ತುವುದಿಲ್ಲ ಎನ್ನುವುದು ಮಹಾದೇವಯ್ಯನಿಗೆ ಹಿಡಿದ ಹುಚ್ಚು. ಹೋದ ತಿಂಗಳು ಕಾಲೇಜಿನ ಹಿತ್ತಲ ಕೊಳಾಯಿಗೆ ತಾಮ್ರದ ಬಿಂದಿಗೆ ಹಿಡಿಸಿ, ನೀರು ಒಂದೇ ಸಮನೆ ಬಿದ್ದರೂ ಹೊಟ್ಟೆಯ ಹತ್ತಿರ ಮಟ್ಟ ನಿಧಾನವಾಗಿ ಏರಿ ಕತ್ತಿನ ಹತ್ತಿರ ಸರ್ರನೆ ಏರುವುದನ್ನು ಕಡ್ಡಿ ಇಳಿಬಿಟ್ಟು ಅಳೆಸಿದ್ದ. ಕೆರೆ ಏರಿಯ ಇಳಿಜಾರಿನಲ್ಲಿ ಪೆಡಲು ತುಳಿಯದೆ ಸೈಕಲ್ಲು ಬಿಡಿಸಿ, ಈ ಕಲ್ಲಿನ ಹತ್ತಿರ ವೇಗ ಎಷ್ಟಿತ್ತು, ಕಲ್ಲಿನ ಹತ್ತಿರ ಎಂದರೆ ಸರಿಯಾಗಿ ಎಲ್ಲಿ, ಆ ಗಳಿಗೆ ಎಂದರೆ ಯಾವುದು, ಎಂದು ಬಿಸಿಲಲ್ಲಿ ಹುಡುಗರ ತಲೆ ತಿಂದಿದ್ದ. ಸ್ಟಾಫ್ ರೂಮಿನಲ್ಲಿ ಅವನಿಗೆ ಬಿಂದಿಗೆ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಪೆಂಡುಲಮ್ಮಿಗೆ ಒಂದು ಗುಂಡು ಬೇಕೆಂದು ಫಿಸಿಕ್ಸ್ ಮೇಷ್ಟ್ರು ರಂಗಯ್ಯನ ಹತ್ತಿರ ಹೋಗಿ ನಿಂತರೆ, ಅವನು ಅಟೆಂಡರ್ ತಿಪ್ಪಯ್ಯನ ಎದುರಿಗೇ, "ಲ್ಯಾಬಿನ ಸಾಮಾನು ಫಿಸಿಕ್ಸಿನೋರ್ದು ಕಣ್ರೀ. ಮ್ಯಾಥ್ಸಿನೋರಿಗೆ ಸೀಮೆಸುಣ್ಣ ಕೊಟ್ಟಿಲ್ವಾ?" ಎಂದು ನಕ್ಕಿದ್ದ. ತಿಪ್ಪಯ್ಯನೂ ನಕ್ಕು ಬೀರುವಿನ ಬೀಗ ಒಂದು ಸಲ ಎಳೆದು ನೋಡಿದ್ದ. ಆ ಅವಮಾನ ನುಂಗಿಕೊಂಡೇ ಮಹಾದೇವಯ್ಯ ಇವತ್ತು ಕರವಸ್ತ್ರದಲ್ಲಿ ಒಂದು ನುಣುಪು ಕಲ್ಲು ಗಂಟುಕಟ್ಟಿ, ಬೆಂಚು ಹತ್ತಿ, ತೊಲೆಗೆ ಹುರಿ ಬಿಗಿದು, ಆ ಕಲ್ಲನ್ನು ತೂಗಿಬಿಟ್ಟಿದ್ದ.

"ಒಬ್ಬೊಬ್ರೇ ಬನ್ನಿ. ಅದು ಹೋಗಿ ತಿರುಗುತ್ತಲ್ಲ, ಆ ಕೊನೇಲಿ ಅಂಗೈ ಹಿಡೀರಿ. ನಡುವೆ ಹಿಡಿದ್ರೆ ಏಟು ಬೀಳುತ್ತೆ. ಕೊನೇಲಿ ಹಿಡಿದ್ರೆ ಸುಮ್ನೆ ಮುಟ್ಟಿ ಹೋಗುತ್ತೆ. ಆ ಮುಟ್ಟೋ ಕ್ಷಣ ಇದೆಯಲ್ಲ, ಅಲ್ಲಿ ವೇಗ ಸೊನ್ನೆ. ನಿಂತಿದೆ. ಎಷ್ಟು ಹೊತ್ತು ನಿಂತಿತ್ತು ಹೇಳಿ ನೋಡೋಣ?" ಯಲ್ಲಯ್ಯ ಎಂಬ ಹುಡುಗ, ಪರೀಕ್ಷೆಯಲ್ಲಿ ಯಾವತ್ತೂ ಪಾಸಾಗದವನು, ಅಂಗೈ ಹಿಡಿದು ಹಿಡಿದು ನೋಡಿ, "ಸಾರ್, ನಿಂತದೆ ಸಾರ್, ಆದ್ರೆ ನಿಂತ್ಕಳಕ್ಕೆ ಟೈಮೇ ತಗಳಲ್ಲ ಸಾರ್! ಡೆರಿವೇಟಿವ್ ಜೀರೋ ಅಂದ್ರೆ ಇದೇಯಾ?" ಎಂದು ಕೂಗಿದ್ದ. ಇದೇ ಕಣೋ, ಇದೇ! ಮಹಾದೇವಯ್ಯನಿಗೆ ಮೈಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ಕರವಸ್ತ್ರದ ಗಂಟು ಸಡಿಲಿ ಕಲ್ಲು ಜಾರಿ ಉರುಳಿ ಬೆಂಚುಗಳ ಅಡಿಗೆ ಹೋಯಿತು. ಸಾಲಿನಲ್ಲಿ ಮುಂದಿದ್ದವಳು ಉಮಾಮಹೇಶ್ವರಿ, ಕೈ ಮುಂದೆ ಮಾಡಿಕೊಂಡೇ ನಿಂತಿದ್ದಳು. ಈ ಬಿಸಿ ಆರಬಾರದು, ಈ ಗಳಿಗೆ ಕೈಜಾರಬಾರದು ಎನ್ನುವುದೊಂದೇ ಅವನ ತಲೆಯಲ್ಲಿ. ಭಾರವಾದದ್ದು ಏನಾದರೂ ಬೇಕು, ದಾರವಿದ್ದರೆ ಇನ್ನೂ ಒಳ್ಳೆಯದು. ಜೇಬಿನಿಂದ ಪೆನ್ನು ತೆಗೆದಷ್ಟೇ ಸಲೀಸಾಗಿ ಕೈ ಅಂಗಿಯ ಗುಂಡಿ ಬಿಚ್ಚಿ ಒಳಗೆ ಹೋಗಿತ್ತು.

ಉಮಾಮಹೇಶ್ವರಿ ಮೊದಲು ಬಲಗೈ ಹಿಡಿದಿದ್ದಳು. ಬೆಳ್ಳಿಯ ಕರಡಿಗೆ ಹೊಳೆಯುತ್ತ ತನ್ನ ಕಡೆಗೆ ಬರುವುದನ್ನು ಕಂಡವಳೇ, ಯಾರೂ ಹೇಳದೆ, ಬಲಗೈ ಹಿಂತೆಗೆದು ಎಡ ಅಂಗೈ ಒಡ್ಡಿದಳು. ಬೆರಳುಗಳು ಬಟ್ಟಲಾದವು. ದಿನಾ ಬೆಳಿಗ್ಗೆ ಪೂಜೆಯಲ್ಲಿ ಲಿಂಗಯ್ಯ ಬಂದು ಕೂರುವುದು ಆ ಕೈಯಲ್ಲೇ. ಅದು ಬಂದಿತು, ಇನ್ನೇನು ಮುಟ್ಟಬೇಕು, ಅವಳು ಬೆಂಕಿ ಸೋಕಿದಂತೆ ಹಿಂದಕ್ಕೆ ಸರಿದು ಸೆರಗಿನ ಮೇಲಿಂದ ತನ್ನ ಕೊರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸಾರ್," ಎಂದಳು. ಆಮೇಲೆ ಬಹಳ ಮೆಲ್ಲಗೆ, "ಲಿಂಗ ಸಾರ್." ಆಗಲೇ ಅವನಿಗೂ ಕಂಡದ್ದು.

ಈಗ ಹಿಡಿಯುವವರು ಯಾರು? ಹುಡುಗರು ಮುಟ್ಟುವಂತಿಲ್ಲ. ಅವನು ಮುಟ್ಟಬಹುದು, ಮುಟ್ಟಬೇಕಾದವನೂ ಅವನೊಬ್ಬನೇ, ಆದರೆ ಈಗ ಹಿಡಿದರೆ ತೂಗಿಬಿಟ್ಟದ್ದು ತಾನೇ ಎಂದು ಇನ್ನೊಮ್ಮೆ ಒಪ್ಪಿಕೊಂಡ ಹಾಗೆ. ಅದು ಹೋಯಿತು, ಬಂದಿತು. ಬೆಳಿಗ್ಗೆ ಅವ್ವ ಮುದ್ದೆ ತಿರುವಿದ ಕೈಯನ್ನು ತೊಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದ್ದಳು: "ಪೂಜೆ ಆಯ್ತೇನಪ್ಪಾ?" ದಿನಾ ಕೇಳುತ್ತಾಳೆ. ಎರಡು ಹೊತ್ತೂ ಕೇಳುತ್ತಾಳೆ. ಕೇಳದೆ ತಟ್ಟೆ ಇಟ್ಟದ್ದಿಲ್ಲ, ಅವನು ಉಣ್ಣದೆ ತಾನು ಉಂಡದ್ದಿಲ್ಲ. "ಆಯ್ತು ಕಣವ್ವ," ಎಂದಿದ್ದ. ಆಗಿತ್ತೇ? ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದು ನಿಜ, ಎಡ ಅಂಗೈಯಲ್ಲಿ ಇಟ್ಟುಕೊಂಡಿದ್ದು ನಿಜ, ವಿಭೂತಿ ಧರಿಸಿದ್ದು ನಿಜ. ನೋಡುತ್ತಿದ್ದದ್ದು ಮಾತ್ರ ಕಲ್ಲು, ಹುರಿ, ತೊಲೆ. ಕರಡಿಗೆ ಹೋಯಿತು, ಬಂದಿತು. ಪ್ರತಿ ಸಲವೂ ತೂಗು ಹಿಂದಿನದಕ್ಕಿಂತ ಒಂದಿಷ್ಟು ಕಿರಿದಾಗುತ್ತಿದೆ, ಕಿರಿದಾಗುವುದರಲ್ಲೂ ಒಂದು ಲೆಕ್ಕವಿದೆ, ಅದನ್ನು ನಾಳೆ ಬೋರ್ಡಿನ ಮೇಲೆ ಗೀಟು ಎಳೆದು ತೋರಿಸಬಹುದು ಎಂದು ಯೋಚಿಸುತ್ತಿರುವ ತನ್ನನ್ನು ತಾನೇ ಹಿಡಿದುಕೊಂಡು ಬೆಚ್ಚಿಬಿದ್ದ. ಥೂ, ಈಗಲೂ!

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮುಂದಿನ ಪೀರಿಯಡ್ಡಿನ ಇಂಗ್ಲಿಷ್ ಮೇಷ್ಟ್ರು ಬಾಗಿಲಿಗೆ ಬಂದು, ಒಳಗೆ ನೋಡಿ, ಏನೂ ಅರ್ಥವಾಗದೆ ಹೊರಗೇ ನಿಂತರು. ಅದು ಅಂಗೈಯಷ್ಟು ಅಗಲ ತೂಗಿತು, ಬೆರಳಷ್ಟು ತೂಗಿತು, ಆಮೇಲೆ ತೂಗುತ್ತಿದೆಯೋ ಇಲ್ಲವೋ ತಿಳಿಯದ ಹಾಗೆ ತೂಗಿತು. ನಿಂತದ್ದು ಯಾವಾಗ ಎಂದು ಅವನಿಗೆ ಹೇಳಲು ಬರುತ್ತಿರಲಿಲ್ಲ. ಹತ್ತಿರ ಹೋಗಿ ಕರಡಿಗೆಯ ಶಿವದಾರವನ್ನು ಕುಣಿಕೆಯಿಂದ ಬಿಡಿಸಿಕೊಂಡ. ಕೊರಳಿಗೆ ಹಾಕಿಕೊಳ್ಳಲು ಹೋಗಿ, ಅಷ್ಟು ಜನರ ಎದುರಿಗೆ, ಆ ಹುಡುಗಿಯ ಎದುರಿಗೆ, ಮುಖವಿಲ್ಲದೆ, ಸೀಮೆಸುಣ್ಣದ ತುಂಡುಗಳಿದ್ದ ಅಂಗಿಯ ಜೇಬಿಗೇ ಇಳಿಬಿಟ್ಟು ಹೊರಗೆ ಬಂದುಬಿಟ್ಟ.

ಸುದ್ದಿ ಅವನಿಗಿಂತ ಮೊದಲೇ ಸ್ಟಾಫ್ ರೂಮು ಸೇರಿತ್ತು. ರಂಗಯ್ಯ ಕಾಫಿ ಲೋಟ ಕೆಳಗಿಟ್ಟು, "ಕೊನೆಗೂ ಗುಂಡು ಸಿಕ್ತಲ್ಲ ಮಹಾದೇವಯ್ಯನೋರೆ," ಎಂದ. ಎಂದವನು ತಾನೇ ನಗಲಿಲ್ಲ, ಏನೋ ತಪ್ಪಿ ಅಂದವನ ಹಾಗೆ ಕಿಟಕಿಯ ಕಡೆ ತಿರುಗಿಕೊಂಡ. ರಂಗಯ್ಯನೇ ನಗದಿದ್ದ ಮೇಲೆ ತನ್ನ ಗತಿ ಮುಗಿಯಿತು ಎಂದುಕೊಂಡ ಮಹಾದೇವಯ್ಯ. ಪ್ರಿನ್ಸಿಪಾಲರು ಕರೆಸುತ್ತಾರೆ, ಕಮಿಟಿ ಕೂರುತ್ತದೆ, ಕಮಿಟಿಯಲ್ಲಿರುವವರೆಲ್ಲ ಮಠಕ್ಕೆ ನಡೆದುಕೊಳ್ಳುವವರು, ಕಾಗದ ಕೈಗೆ ಕೊಡುತ್ತಾರೆ. ಕೊಡಲಿ. ಅವ್ವನಿಗೆ ಏನು ಹೇಳುವುದು? ಕೆಲಸ ಹೋಗುವುದಕ್ಕಿಂತ ಅವ್ವನಿಗೆ ಗೊತ್ತಾಗುವುದು ಅವನಿಗೆ ದೊಡ್ಡ ಭಯವಾಗಿತ್ತು. ಕೆಲಸ ಹೋದರೆ ಇನ್ನೊಂದು. ಅವ್ವ ದಿನಾ ಎರಡು ಹೊತ್ತು ಕೇಳಿದ ಆ ಒಂದು ಮಾತು, ಅವನು ಎರಡು ಹೊತ್ತು ಕೊಟ್ಟ ಆ ಒಂದು ಉತ್ತರ, ಅದರ ಮೇಲೇ ಅವಳು ತುಮಕೂರಿನ ಬಾಡಿಗೆ ಮನೆಯಲ್ಲಿ ನೆಮ್ಮದಿಯಿಂದ ಇದ್ದಾಳೆ. ಪ್ರಿನ್ಸಿಪಾಲರು ಕರೆಸಲಿಲ್ಲ. ಸಂಜೆ ನಾಲ್ಕರವರೆಗೆ ಕಾದು, ಬಸ್ ಸ್ಟ್ಯಾಂಡಿನ ಕಡೆ ಹೊರಟ.

ಅಡಿಕೆ ಮಂಡಿಯ ಮುಂದೆ ಕಮಿಟಿ ಅಧ್ಯಕ್ಷ ಅಣ್ಣಯ್ಯಪ್ಪ ಕಾದು ನಿಂತಂತೆ ನಿಂತಿದ್ದ. ಹಣೆಯ ತುಂಬ ವಿಭೂತಿ, ಮಠದಲ್ಲಿ ಅವನ ಮಾತಿಗೆ ಎರಡಿಲ್ಲ. "ಬನ್ನಿ ಮೇಷ್ಟ್ರೇ ಬನ್ನಿ! ನಮ್ ಹುಡ್ಗ ಓಡ್ಬಂದು ಹೇಳ್ದ. ಅಲ್ಲಾ ಸ್ವಾಮಿ, ಲಿಂಗಯ್ಯನ್ನೇ ಮುಂದಿಟ್ಕಂಡು ಪಾಠ ಮಾಡುದ್ರಂತೆ!"

"ಅದು… ಯಜಮಾನ್ರೇ, ನಾನು ಬೇಕಂತ…"

"ಯಾರೂ ಮುಟ್ನಿಲ್ವಂತೆ, ತಾನಾಗೇ ನಿಂತ್ಕಂತಂತೆ! ಗಂಟೆ ಹೊಡುದ್ರೂ ಒಂದು ಹುಡುಗ ಅಲ್ಲಾಡ್ನಿಲ್ವಂತೆ! ನಂಗೆ ಮೈಯೆಲ್ಲ ಕೂದ್ಲು ನಿಮಿರ್ಕಂತು ಕಣ್ರೀ. ಸೈನ್ಸ್ ಓದ್ದೋರಿಗೆ ದೇವ್ರು ಅಂದ್ರೆ ಆಗಕಿಲ್ಲ ಅಂತ ತಿಳ್ಕಂಡಿದ್ದೆ ನಾನು, ತಪ್ಪಾಯ್ತು. ಮನಸ್ಸು ಹಂಗೇ ಅಲ್ವಾ? ಆ ಕಡೆ ಈ ಕಡೆ ಆಡ್ತದೆ, ಕೊನೀಗೆ ಲಿಂಗದಲ್ಲೇ ನಿಲ್ಬೇಕು. ಎಂಥಾ ಪಾಠ! ಬರೋ ಹುಣ್ಣಿಮೆ ಶಿವಾನುಭವ ಗೋಷ್ಠೀಲಿ ಇದನ್ನೇ ಮಾಡಿ ತೋರಿಸ್ಬೇಕು ನೀವು. ಸ್ವಾಮಿಗಳಿಗೆ ನಾನೇ ಹೇಳ್ತೀನಿ. ಒಂದು ಶಾಲು ಹೊದಿಸ್ತೀವಿ." ಎಂದವನೇ ಅಣ್ಣಯ್ಯಪ್ಪ ಬೀದಿಯಲ್ಲೇ, ಹೋಗಿಬರುವವರ ಎದುರಿಗೇ, ಮಹಾದೇವಯ್ಯನ ಎದೆಯ ಕಡೆಗೆ ಬಾಗಿ ಎರಡೂ ಕೈ ಮುಗಿದು ಕಣ್ಣಿಗೊತ್ತಿಕೊಂಡ. ಅಂಗಿಯ ಒಳಗೆ ಆ ಜಾಗದಲ್ಲಿ ಏನೂ ಇರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಮಹಾದೇವಯ್ಯನಿಗೆ ದೊಣ್ಣೆ ತಪ್ಪಿದ್ದೇ ಪೆಟ್ಟಾಯಿತು. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ, ತಾನು ಮಾಡಿದ್ದಕ್ಕೆ ಒಂದು ಹೆಸರಾದರೂ ಸಿಗುತ್ತಿತ್ತು. ಅಲ್ಲ ಯಜಮಾನರೇ, ಗುಂಡಿಲ್ಲದೆ ಲಿಂಗವನ್ನು ಗುಂಡು ಮಾಡಿಕೊಂಡೆ ಎಂದು ಹೇಳಲು ಬಾಯಿ ತೆರೆದ. "ಆಗ್ಲಿ," ಎಂದ.

ತುಮಕೂರಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರು ಒಳಗೆ ಸರೀರಿ ಒಳಗೆ ಸರೀರಿ ಎಂದು ಬೆನ್ನಿಗೆ ಮೊಣಕೈ ಕೊಡುತ್ತಿದ್ದ. ಬಸ್ಸು ಹಾರಿದಾಗಲೆಲ್ಲ ಜೇಬಿನಲ್ಲಿ ಕರಡಿಗೆ ಸೀಮೆಸುಣ್ಣಕ್ಕೆ ತಾಕಿ ಕಿಟ್ ಎನ್ನುತ್ತಿತ್ತು. ಅದರ ಮೇಲೆ ಕೈ ಇಟ್ಟುಕೊಳ್ಳೋಣವೆಂದರೆ ಮೇಲಿನ ಸಲಾಕೆ ಹಿಡಿದ ಕೈ ಬಿಡುವಂತಿಲ್ಲ. ಅಪ್ಪ ಸತ್ತಾಗ ಊರ್ಡಿಗೆರೆಯ ಹೊಲದಲ್ಲಿ ಸಮಾಧಿಗೆ ಕೂರಿಸಿದ್ದರು. ಆಳದ ಗುಂಡಿ, ಗೂಡು, ವಿಭೂತಿ, ಬಿಲ್ವಪತ್ರೆ. ಇಳಿದು ಲಿಂಗ ಕೈಯಲ್ಲಿಡಪ್ಪ ಎಂದು ಅಯ್ಯನೋರು ಹೇಳಿದಾಗ ಅವನೇ ಇಳಿದಿದ್ದ. ಅಪ್ಪನ ಎಡಗೈಯ ಬೆರಳು ಮಡಿಸಲು ಬರಲಿಲ್ಲ. ಮರದ ಬೆರಳು. ಒಂದೊಂದನ್ನೇ ಒತ್ತಿ ಮಡಿಸುತ್ತಿದ್ದರೆ ಒಂದೊಂದೇ ಬಿಚ್ಚಿಕೊಳ್ಳುತ್ತಿತ್ತು. ಮೇಲಿನಿಂದ ಅವ್ವ ಅಳು ನಿಲ್ಲಿಸಿ ಕೇಳಿದಳು: "ಹಿಡ್ಕಂಡ್ರೇನಪ್ಪಾ?" ಅವನು ಕೆಳಗಿನಿಂದ ಹೇಳಿದ: "ಹಿಡ್ಕಂಡ್ರು ಅವ್ವ." ಕಂಡಕ್ಟರು, ಏನ್ರೀ ಸ್ವಾಮಿ, ತುಮಕೂರು ಬಂತು ಇಳೀರಿ ಎಂದು ಭುಜ ಅಲ್ಲಾಡಿಸಿದ.

ಸದಾಶಿವನಗರದ ಮನೆಯಲ್ಲಿ ಅವ್ವ ದೀಪ ಹಚ್ಚಿ, ಕಿಟಕಿಯ ಸರಳಿಗೆ ಒಂದು ತುದಿ ಕಟ್ಟಿ ಬಿಳಿಯ ನೂಲು ಹೊಸೆಯುತ್ತ ಕೂತಿದ್ದಳು. ಹೆಂಡತಿ ಚೆನ್ನಮ್ಮ ಬಾಣಂತನಕ್ಕೆ ಕುಣಿಗಲ್ಲಿನ ತವರಿನಲ್ಲಿದ್ದಳು. ಸೋಮವಾರ ಮಗುವಿಗೆ ಲಿಂಗ ಕಟ್ಟಿಸಬೇಕು, ಅದಕ್ಕೆ ಶಿವದಾರ. ಅಂಗಡಿಯ ದಾರ ಮೊಮ್ಮಗಳ ಕೊರಳಿಗೆ ಬೇಡವೆಂದು ಅವ್ವನ ಹಟ. ಬೆಳಿಗ್ಗೆ ಬಿಟ್ಟುಹೋದ ಮನೆಯೇ ಇದು, ಏನೂ ಬದಲಾಗಿಲ್ಲ ಎಂದು ಮಹಾದೇವಯ್ಯನಿಗೆ ಒಂದು ಗಳಿಗೆ ಅನ್ನಿಸಿತು. ಆ ಸಮಾಧಾನದಲ್ಲೇ, ದಿನದ ರೂಢಿಯಂತೆ, ಕೈಕಾಲು ತೊಳೆಯಲು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಹಿಂದಿನಿಂದ ನೂಲು ಹೊಸೆಯುವ ಸದ್ದು ನಿಂತಿತು.

"ಮಾದೇವ. ಕೊಳ್ಳು ಬರಿದಾಗೈತಲ್ಲಪ್ಪ."

ಗೂಟದ ಅಂಗಿಯ ಜೇಬಿನಿಂದ ತೆಗೆದ. ಕರಡಿಗೆಯ ಮೇಲೆಲ್ಲ ಸೀಮೆಸುಣ್ಣ ಹತ್ತಿ ಬೆಳ್ಳಿ ಮಂಕಾಗಿತ್ತು. ಅವ್ವ ಬರಿಗೈಯಲ್ಲಿ ಮುಟ್ಟಲಿಲ್ಲ, ಸೆರಗು ಹರಡಿದಳು, ಅದರ ಮೇಲಿಟ್ಟ. ಇಟ್ಟು, ಬಡಬಡನೆ ಎಲ್ಲ ಹೇಳಿದ. ಕಲ್ಲು ಜಾರಿದ್ದು, ಹುಡುಗರಿಗೆ ಪಾಠ ಹತ್ತಿದ್ದು, ತನಗೆ ಅರಿವಿಲ್ಲದೆ ಕೈ ಹೋದದ್ದು. ಅಣ್ಣಯ್ಯಪ್ಪನ ಮಾತು ಬಂದಾಗ ಅವನ ದನಿ ಏರಿತು. ಮಠದಲ್ಲಿ ಕರೆದವ್ರೆ ಅವ್ವ, ಶಾಲು ಹೊದಿಸ್ತಾರಂತೆ, ಇಂಥ ಪಾಠ ಯಾರೂ ಮಾಡಿಲ್ಲ ಅಂತವ್ರೆ, ಮನಸ್ಸು ಆ ಕಡೆ ಈ ಕಡೆ ಆಡಿ ಕೊನೆಗೆ ಲಿಂಗದಲ್ಲಿ ನಿಲ್ಲೋದನ್ನ… ಹೇಳುತ್ತ ಹೇಳುತ್ತ ತನಗೇ ಅರ್ಧ ನಂಬಿಕೆ ಬಂದುಬಿಟ್ಟಿತು. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಅವ್ವ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ಅದೆಲ್ಲ ಇರ್ಲಿ ಬುಡು. ತೆಗೀವಾಗ ನಿನ್ ಕೈ ನಡುಗ್ನಿಲ್ವಾ?"

ನಡುಗಿತ್ತು ಎಂದುಬಿಟ್ಟರೆ ಆಯಿತು. ಒಂದೇ ಮಾತು. ಅವತ್ತು ಅಪ್ಪನ ಗುಂಡಿಯ ಕೆಳಗಿನಿಂದ ಹೇಳಿದ ಹಾಗೆ. ಬಾಯಿ ತೆರೆದ, ಅವ್ವನ ಕಣ್ಣು ನೋಡಿದ.

"ಇಲ್ಲ ಕಣವ್ವ."

"ಗೊತ್ತಿಲ್ದೇ ತೆಗ್ದೆ ಅಂತೀಯ."

"ಹ್ಞೂ. ಗೊತ್ತಿಲ್ದೇ."

"ಗೊತ್ತಿಲ್ದೇ ತೆಗೀಬೇಕಾರೆ, ಕೊಳ್ಳಲ್ಲಿರೋದು ಲಿಂಗ ಅನ್ನೋದೇ ಮರ್ತೋಗಿರ್ಬೇಕಲ್ಲ ಮಗ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯಿಲೆ ಬಿದ್ದವನನ್ನು ವಿಚಾರಿಸುವ ದನಿ. "ಯಾವತ್ತಿಂದಪ್ಪಾ?"

ಯಾವತ್ತಿಂದ? ಇದನ್ನೇ ಅಲ್ಲವೇ ತಾನು ಹುಡುಗರಿಗೆ ಕೇಳುತ್ತಿದ್ದದ್ದು, ಕೆರೆ ಏರಿಯ ಮೇಲೆ, ಸರಿಯಾಗಿ ಎಲ್ಲಿ, ಸರಿಯಾಗಿ ಯಾವಾಗ, ಆ ಗಳಿಗೆ ಯಾವುದು ಹೇಳಿ ಎಂದು. ಇವತ್ತಲ್ಲ, ಅದು ಖಂಡಿತ. ಇವತ್ತು ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ಹುರಿಯ ಉದ್ದ ಲೆಕ್ಕ ಹಾಕುತ್ತಿದ್ದಾಗಲೇ ಅದು ಲಿಂಗವೆಂಬ ನೆನಪು ಇರಲಿಲ್ಲ. ಹಾಗಾದರೆ ನಿನ್ನೆ? ಮದುವೆಯ ದಿನ ಚೆನ್ನಮ್ಮ ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದಳು, ತಾನು ಅವಳ ರೆಪ್ಪೆ ನೋಡುತ್ತಿದ್ದ. ಅಪ್ಪನ ಗುಂಡಿಯಲ್ಲಿ? ಅಲ್ಲಿ ತನಗೆ ತಿಳಿದದ್ದು ಬೆರಳುಗಳ ತಣುಪು ಮಾತ್ರ, ಕಲ್ಲಿನ ತಣುಪೂ ಅದೇ ಇತ್ತು. ಅದಕ್ಕೂ ಹಿಂದೆ ಹಾಸ್ಟೆಲ್ಲಿನಲ್ಲಿ, ಪರೀಕ್ಷೆಯ ಬೆಳಿಗ್ಗೆ ಹಣೆಗೆ ವಿಭೂತಿ ಬಳಿದುಕೊಂಡು ಓಡಿದಾಗ? ಎಲ್ಲಿ ಹುಡುಕಿದರೂ ಅದಕ್ಕಿಂತ ಹಿಂದಿನ ದಿನವೂ ಹೆಚ್ಚುಕಡಿಮೆ ಹಾಗೇ ಇತ್ತು. ಇಲ್ಲಿಯವರೆಗೆ ಇತ್ತು, ಇಲ್ಲಿಂದ ಇಲ್ಲ ಎಂದು ಗೀಟು ಎಳೆಯುವ ಜಾಗವೇ ಸಿಗಲಿಲ್ಲ. ಯಾರೂ ಹಿಡಿದು ನಿಲ್ಲಿಸಿರಲಿಲ್ಲ. ತಾನಾಗಿ ನಿಂತಿತ್ತು. ಅವನು ನೋಡುತ್ತಲೇ ಇದ್ದ, ಗೊತ್ತಾಗಿರಲಿಲ್ಲ. "ಗೊತ್ತಿಲ್ಲ ಅವ್ವ," ಎಂದ. ಅಳು ಬರುತ್ತದೆ ಎಂದುಕೊಂಡ, ಬರಲಿಲ್ಲ, ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಅವ್ವ ಸೆರಗಿನ ಮಡಿಕೆಯಲ್ಲೇ ಕರಡಿಗೆಯನ್ನು ತಿಕ್ಕಿ ತಿಕ್ಕಿ ಸುಣ್ಣ ಒರೆಸಿದಳು. ಕಣ್ಣಿಗೊತ್ತಿಕೊಂಡಳು. ಆಮೇಲೆ ಅವನ ಎಡಗೈ ಎಳೆದುಕೊಂಡು ಅಂಗೈ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಮಹಾದೇವಯ್ಯ ಕೈ ಕೊಟ್ಟು ಕೂತಿದ್ದ. ಅವಳ ಕೈ ಮುದ್ದೆ ತಿರುವಿ ತಿರುವಿ ಗಟ್ಟಿಯಾದ ಕೈ. ಹಿಡಿದುಕೊಂಡೆಯಾ ಎಂದು ಈಗ ಕೇಳುತ್ತಾಳೆ ಎಂದು ಕಾದ. ಕೇಳಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಹೊಸೆಯುತ್ತಿದ್ದ ದಾರ ಕಿಟಕಿಯ ಸರಳಿನಲ್ಲಿ ಅರ್ಧಕ್ಕೇ ನೇತಾಡುತ್ತ, ಹಾಕಿದ ಹುರಿಯನ್ನೆಲ್ಲ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಒಳಗೆ ಪಾತ್ರೆಯ ಸದ್ದಾಯಿತು. ಮಹಾದೇವಯ್ಯ ಮುಷ್ಟಿ ಸಡಿಲಿಸದೆ ಗೋಡೆಗೆ ಒರಗಿ ಕಾಯುತ್ತಿದ್ದ. ಈಗ ಬಾಗಿಲಿಗೆ ಬರುತ್ತಾಳೆ. ಬಂದು, ಪೂಜೆ ಆಯ್ತೇನಪ್ಪಾ ಎಂದು ಕೇಳುತ್ತಾಳೆ. ಇಲ್ಲ ಅವ್ವ, ಇನ್ನೂ ಆಗಿಲ್ಲ, ಇರು, ಈಗ ಕೂರ್ತೀನಿ ಎನ್ನಬೇಕು. ಹುಟ್ಟಿದಾಗಿನಿಂದ ಒಂದು ಸಲವಾದರೂ ನಿಜ ಹೇಳಿ ಕೂರಬೇಕು. ಮಾತು ನಾಲಿಗೆಯ ತುದಿಗೆ ಬಂದು ಸಿದ್ಧವಾಗಿತ್ತು.

ಅವ್ವ ಬಂದಳು. ತಟ್ಟೆ ಇಟ್ಟಳು. ಮುದ್ದೆ ಹಾಕಿ ಸಾರು ಬಿಟ್ಟಳು. ಒಂದು ಲೋಟ ನೀರು ಪಕ್ಕದಲ್ಲಿಟ್ಟು, "ಆರೋಗ್ತದೆ, ಉಣ್ಣು," ಎಂದು ಒಳಗೆ ಹೋದಳು.